ಮೋಟರ್ ಬೇಡ, ಮೊದಲು ಶಾಕ್‌ಗೆ ಎಣ್ಣೆ ಹಾಕೋಣ

ಹೋದ ತಿಂಗಳು ನಮ್ಮ ಆರ್‌ಸಿ ಟೀಮಿನ ಮೀಟಿಂಗ್ ನಡೀತು. ಲ್ಯಾಬ್ ಮುಗಿದ ಮೇಲೆ, ವರ್ಕ್‌ಶಾಪ್ ಹಿಂದಿನ ಕಟ್ಟೆ ಮೇಲೆ. ವಿಷಯ ಒಂದೇ: ಈ ವರ್ಷ ಕೈಗೆ ಬಂದಿರೋ ಅಷ್ಟಿಷ್ಟು ದುಡ್ಡಲ್ಲಿ ಟ್ರಕ್‌ಗೆ ಏನು ತರಬೇಕು? ಐದೇ ನಿಮಿಷದಲ್ಲಿ ತೀರ್ಮಾನ ಆಗಿ ಹೋಯ್ತು. ಹೊಸ ಬ್ರಷ್‌ಲೆಸ್ ಮೋಟರ್, ಅದನ್ನ ಓಡಿಸೋಕೆ ದೊಡ್ಡ ಇಎಸ್‌ಸಿ. "ಪವರ್ ಸಾಲ್ತಿಲ್ಲ ಮಗಾ, ಅದಕ್ಕೇ ಸೋತಿದ್ದು" ಅಂತ ಒಬ್ಬ ಅಂದ. ಉಳಿದವರೆಲ್ಲ ತಲೆ ಆಡಿಸಿದರು. ಕೈ ಎತ್ತದೆ ಕೂತಿದ್ದವರು ನಾವು ನಾಲ್ಕೇ ಜನ. ನಾಲ್ವರೂ ಸೆಕೆಂಡ್ ಇಯರ್. ಸೀನಿಯರ್ಸ್ ಮುಂದೆ ಅವತ್ತು ಬಾಯಿ ಬರಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀವಿ. ನಾವೆಲ್ಲ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವರು. ಒತ್ತಕ್ಷರ ತಪ್ಪಿದ್ರೆ ಕನ್ನಡ ಸಂಘದವರು ತಿದ್ದಿಕೊಳ್ಳಲಿ. ಅಭಿಪ್ರಾಯವನ್ನ ಮಾತ್ರ ಹಾಗೇ ಬಿಡಲಿ.

ನಾವು ಹೇಳೋದು ಇಷ್ಟು. ನಮ್ಮ ಟ್ರಕ್‌ಗೆ ಹೊಸ ಮೋಟರ್ ಬೇಡ. ಇರೋ ಮೋಟರಿನ ಶಕ್ತಿಯನ್ನೇ ನೆಲಕ್ಕೆ ಇಳಿಸೋದು ನಮಗಿನ್ನೂ ಬಂದಿಲ್ಲ. ಆ ದುಡ್ಡು ಸಸ್ಪೆನ್ಷನ್‌ಗೆ ಹೋಗಬೇಕು. ದುಡ್ಡಿಗಿಂತ ಹೆಚ್ಚಾಗಿ ಸಮಯ ಹೋಗಬೇಕು. ಮತ್ತೆ ಇನ್ನೊಂದು ಮಾತು: ಬೇರೆಯವರ ಸೆಟ್ಟಿಂಗ್ ತಂದು ನಮ್ಮ ಟ್ರಕ್‌ಗೆ ಅಂಟಿಸೋದನ್ನ ನಿಲ್ಲಿಸಬೇಕು.

ಟೀಮಿನ ಹೊರಗಿನವರಿಗೆ ಸ್ವಲ್ಪ ಪರಿಚಯ. ನಮ್ಮ ಹತ್ರ ಇರೋದು 1/10 ಸ್ಕೇಲಿನ ಒಂದು ಎಲೆಕ್ಟ್ರಿಕ್ ಶಾರ್ಟ್ ಕೋರ್ಸ್ ಟ್ರಕ್. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್. ಬ್ಯಾಟರಿ ಹಾಕಿದರೆ ತೂಕ ಎರಡು ಕೆಜಿ ದಾಟುತ್ತೆ. ಪಾಸಾಗಿ ಹೋದ ಸೀನಿಯರ್ಸ್ ಬಿಟ್ಟುಹೋದ ಗಾಡಿ ಅದು. ನೋಡೋಕೆ ಆಟಿಕೆ ಥರ ಇದ್ದರೂ ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ ಇದೆ, ಎಣ್ಣೆ ತುಂಬಿದ ಶಾಕ್ ಇದೆ, ಸ್ಪ್ರಿಂಗ್ ಬದಲಿಸಬಹುದು, ಕ್ಯಾಂಬರ್ ಬದಲಿಸಬಹುದು. ಈ ವ್ಯವಸ್ಥೆ ಹೊಸದೇನಲ್ಲ. ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿ 1984ರಲ್ಲಿ ಆರ್‌ಸಿ10 ಅನ್ನೋ ಬಗ್ಗಿ ಬಿಟ್ಟಾಗಲೇ ಅದರಲ್ಲಿ ಎಣ್ಣೆಯ ಶಾಕ್, ನಾಲ್ಕೂ ಕಡೆ ಸ್ವತಂತ್ರ ಸಸ್ಪೆನ್ಷನ್ ಇತ್ತು. ನಾವು ಹುಟ್ಟೋಕೆ ಎಷ್ಟೋ ವರ್ಷ ಮುಂಚೆಯೇ ಜನ ಈ ಸ್ಕ್ರೂಗಳನ್ನ ತಿರುಗಿಸಿ ತಿರುಗಿಸಿ ಕಲಿತಿದ್ದಾರೆ. ನಾವು ಮಾತ್ರ ಆ ಸ್ಕ್ರೂಗಳನ್ನ ಮುಟ್ಟೋದೇ ಇಲ್ಲ.

ಸೋತಿದ್ದು ಹೇಗೆ

ಪವರ್ ಇಲ್ಲದೆ ಸೋತೆವು ಅನ್ನೋರಿಗೆ ಅವತ್ತಿನ ಕಥೆ ನೆನಪಿಸಬೇಕು. ಬೇರೆ ಕಾಲೇಜಿನ ಟೆಕ್ ಫೆಸ್ಟ್. ಕೆಂಪು ಮಣ್ಣಿನ ಗ್ರೌಂಡಲ್ಲಿ ಹಳೇ ಟೈರ್, ಮರಳಿನ ಚೀಲ ಇಟ್ಟು ಟ್ರ್ಯಾಕ್ ಮಾಡಿದ್ದರು. ಎರಡು ಕಡೆ ಪ್ಲೈವುಡ್ ಜಂಪ್. ನಮ್ಮ ಡ್ರೈವರ್ ನಮ್ಮ ಬ್ಯಾಚಿನವಳೇ. ಟೀಮಿನಲ್ಲಿ ಅವಳಷ್ಟು ಚೆನ್ನಾಗಿ ಟ್ರಿಗರ್ ಹಿಡಿಯೋರು ಯಾರೂ ಇಲ್ಲ. ಪ್ರಾಕ್ಟೀಸ್ ಮುಗಿಸಿ ಬಂದವಳೇ ಹೇಳಿದಳು: "ಎಡಕ್ಕೆ ತಿರುಗೋವಾಗ ಸರಿ ಇದೆ ಕಣ್ರೋ. ಬಲಕ್ಕೆ ತಿರುಗಿದ್ರೆ ಹಿಂದೆ ಜಾರುತ್ತೆ. ಜಾರಿ ಜಾರಿ ಒಂದೇ ಸಲ ಹಿಡಿಯುತ್ತೆ, ಆಗ ಮಗುಚುತ್ತೆ."

ನಾವು ಏನು ಮಾಡಿದ್ವಿ? ಒಬ್ಬ ಹೇಳಿದ, "ನೀನು ಲೇಟಾಗಿ ಬ್ರೇಕ್ ಹಾಕ್ತಿದೀಯ." ಇನ್ನೊಬ್ಬ ಹೇಳಿದ, "ಒಳಗೆ ಬರೋವಾಗಲೇ ಥ್ರಾಟಲ್ ಕೊಡ್ತಿದೀಯ." ಯಾರೂ ಟ್ರಕ್‌ನ ತಿರುಗಿಸಿ ನೋಡಲಿಲ್ಲ. ಹೀಟ್‌ನಲ್ಲಿ ಮೂರು ಸಲ ಮಗುಚಿತು, ಮೂರೂ ಸಲ ಬಲಕ್ಕೆ ತಿರುಗೋವಾಗಲೇ. ಬಸ್ಸಲ್ಲಿ ವಾಪಸ್ ಬರೋವಾಗ ಅವಳು ಕಿಟಕಿ ಪಕ್ಕ ಕೂತು ಒಂದು ಮಾತೂ ಆಡಲಿಲ್ಲ. ನಾವು ಹಿಂದಿನ ಸೀಟಲ್ಲಿ ಕೂತು, ಅವಳಿಗೆ ಕೇಳಿಸೋ ಹಾಗೇ, "ಮುಂದಿನ ಸಲ ಬೇರೆ ಡ್ರೈವರ್ ನೋಡೋಣ" ಅಂದ್ವಿ. ಮಾರನೇ ವಾರದಿಂದ ಅವಳು ಪ್ರಾಕ್ಟೀಸ್‌ಗೆ ಬರೋದು ಬಿಟ್ಟಳು.

ಟ್ರಕ್‌ನ ಹಾಸ್ಟೆಲ್ ರೂಮಿನಲ್ಲಿ ನ್ಯೂಸ್‌ಪೇಪರ್ ಹಾಸಿ ಇಟ್ಟಿದ್ವಿ. ಎರಡು ದಿನ ಬಿಟ್ಟು ಎತ್ತಿದರೆ ಪೇಪರ್ ಮೇಲೆ ಒಂದು ಎಣ್ಣೆ ಕಲೆ. ಎಡಗಡೆ ಹಿಂದಿನ ಚಕ್ರದ ಹತ್ರ, ಅಲ್ಲಿ ಮಾತ್ರ. ಆ ಶಾಕ್ ಬಿಚ್ಚಿದರೆ ಒಳಗೆ ಎಣ್ಣೆ ಇಲ್ಲವೇ ಇಲ್ಲ ಅನ್ನೋಷ್ಟು. ಕೆಳಗಿನ ಓ-ರಿಂಗ್ ಸವೆದು ಹೋಗಿತ್ತು. ಅಂದ್ರೆ ಆ ಮೂಲೆಯಲ್ಲಿ ಬರೀ ಸ್ಪ್ರಿಂಗ್ ಕೆಲಸ ಮಾಡ್ತಿತ್ತು.

ಈಗ ಅವಳ ಮಾತನ್ನ ಮತ್ತೆ ಓದಿ ನೋಡಿ. ಗಾಡಿ ಬಲಕ್ಕೆ ತಿರುಗಿದಾಗ ತೂಕ ಎಡಗಡೆ ಚಕ್ರಗಳ ಮೇಲೆ ಬೀಳುತ್ತೆ. ಎಡ ಹಿಂದಿನ ಶಾಕ್ ಸತ್ತಿದ್ದರೆ ತೊಂದರೆ ಕಾಣಿಸೋದು ಬಲ ತಿರುವಿನಲ್ಲೇ. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಅಂದ್ರೆ ಅದು ಡ್ರೈವಿಂಗ್ ತಪ್ಪಲ್ಲ, ಗಾಡಿಯ ಎಡ ಬಲ ಸಮ ಇಲ್ಲ ಅಂತ ಅರ್ಥ. ಅವಳು ನಮಗೆ ರೋಗ, ರೋಗದ ಜಾಗ ಎರಡನ್ನೂ ಹೇಳಿದ್ದಳು. ನಾವು ಪೇಷಂಟ್‌ಗೇ ಬೈದು ಕಳಿಸಿದ್ವಿ.

ಹೋಗಿ ಕ್ಷಮೆ ಕೇಳಿದ್ವಿ. ಆ ಶಾಕ್‌ನೂ ತಗೊಂಡು ಹೋಗಿ ತೋರಿಸಿದ್ವಿ. ಅವಳು ಅದನ್ನ ಎರಡು ಸಲ ಒತ್ತಿ ನೋಡಿ, "ಅವತ್ತೇ ಒತ್ತಿ ನೋಡೋಕೆ ಏನಾಗಿತ್ತು?" ಅಂದಳು. ಅದಕ್ಕೆ ನಮ್ಮ ಹತ್ರ ಇವತ್ತಿಗೂ ಉತ್ತರ ಇಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಲೆಕ್ಕ ಹಾಕಿ ನೋಡೋಣ

ಭಾವನೆ ಪಕ್ಕಕ್ಕಿಡಿ, ಇಂಜಿನಿಯರಿಂಗ್ ಓದೋರು ತಾನೇ, ಲೆಕ್ಕವನ್ನೇ ಮಾಡೋಣ. ರೇಸ್ 5 ನಿಮಿಷ, ಅಂದ್ರೆ 300 ಸೆಕೆಂಡ್. ಲ್ಯಾಪ್‌ಗೆ 25 ಸೆಕೆಂಡ್ ಅಂತ ಇಟ್ಟುಕೊಂಡರೆ 12 ಲ್ಯಾಪ್. ಹೊಸ ಮೋಟರ್ ಪ್ರತಿ ಲ್ಯಾಪ್‌ನಲ್ಲೂ ಅರ್ಧ ಸೆಕೆಂಡ್ ಉಳಿಸುತ್ತೆ ಅಂತ ಧಾರಾಳವಾಗಿ ಒಪ್ಪಿಕೊಳ್ಳೋಣ. ಒಟ್ಟು ಉಳಿತಾಯ 6 ಸೆಕೆಂಡ್. ಈಗ ಟ್ರಕ್ ಒಂದು ಸಲ ಮಗುಚಿತು ಅಂದುಕೊಳ್ಳಿ. ಮಾರ್ಷಲ್ ಓಡಿ ಬಂದು, ಎತ್ತಿ ನಿಲ್ಲಿಸಿ, ಗಾಡಿ ಮತ್ತೆ ವೇಗ ಹಿಡಿಯೋಷ್ಟರಲ್ಲಿ 7-8 ಸೆಕೆಂಡ್ ಹೋಗುತ್ತೆ. ಒಂದೇ ಒಂದು ಪಲ್ಟಿಗೆ ಮೋಟರಿನ ಇಡೀ ಲಾಭ ಮುಗೀತು. ಮೂರು ಪಲ್ಟಿ ಅಂದ್ರೆ ಹೆಚ್ಚು ಕಡಿಮೆ ಒಂದು ಪೂರ್ತಿ ಲ್ಯಾಪ್ ಸೋಲು. ಜೊತೆಗೆ ಮೊದಲೇ ಜಾರೋ ಹಿಂಚಕ್ರಕ್ಕೆ ಇನ್ನೂ ಹೆಚ್ಚು ಪವರ್ ಕೊಟ್ಟರೆ ಜಾರೋದು ಕಮ್ಮಿ ಆಗುತ್ತಾ, ಜಾಸ್ತಿ ಆಗುತ್ತಾ? ಇದಕ್ಕೆ ಕ್ಯಾಲ್ಕುಲೇಟರ್ ಬೇಡ.

ಶಾಕ್‌ನೊಳಗಿನ ಎಣ್ಣೆ ಅಷ್ಟು ಮುಖ್ಯನಾ ಅಂತ ಕೇಳೋರಿಗೆ ಇನ್ನೊಂದು ಸಣ್ಣ ಲೆಕ್ಕ. ಸ್ಪ್ರಿಂಗ್ ಮೇಲೆ ಕೂತ ತೂಕ ಎಷ್ಟು ಬೇಗ ಕುಣಿಯುತ್ತೆ ಅನ್ನೋದು, ನಿಂತಲ್ಲೇ ಅದು ಎಷ್ಟು ಕುಸಿದಿದೆ ಅನ್ನೋದರ ಮೇಲೆ ನಿಂತಿದೆ. ಗುರುತ್ವವನ್ನ ಆ ಕುಸಿತದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈನಿಂದ ಭಾಗಿಸಿದರೆ ಆವರ್ತನ ಸಿಗುತ್ತೆ. ದೊಡ್ಡ ಕಾರಿನ ಸಸ್ಪೆನ್ಷನ್ 15 ಸೆಂಟಿಮೀಟರ್ ಕುಸಿದಿದ್ದರೆ ಅದು ಸೆಕೆಂಡಿಗೆ 1.3 ಸಲ ಕುಣಿಯುತ್ತೆ. ನಮ್ಮ ಟ್ರಕ್ ಬರೀ 1 ಸೆಂಟಿಮೀಟರ್ ಕುಸಿದಿದ್ದರೆ ಸೆಕೆಂಡಿಗೆ 5 ಸಲ. ಎಣ್ಣೆ ಇಲ್ಲದ ಶಾಕ್ ಅಂದ್ರೆ ಈ ಕುಣಿತ ನಿಲ್ಲಿಸೋರೇ ಇಲ್ಲ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಟ್ರಕ್ ಒಂದು ಸೆಕೆಂಡಿಗೆ 10 ಮೀಟರ್ ಓಡುತ್ತೆ. ಅಂದ್ರೆ ಒಂದು ಇಡೀ ತಿರುವಿನ ಉದ್ದಕ್ಕೂ ಆ ಚಕ್ರ ನೆಲವನ್ನ ಒತ್ತುತ್ತೆ, ಬಿಡುತ್ತೆ, ಒತ್ತುತ್ತೆ, ಬಿಡುತ್ತೆ. ಬಿಟ್ಟಾಗ ಜಾರುತ್ತೆ, ಒತ್ತಿದಾಗ ಗಬಕ್ಕನೆ ಹಿಡಿಯುತ್ತೆ. ಅವಳು ಹೇಳಿದ್ದೂ ಇದನ್ನೇ. ನಾವು ವೈಬ್ರೇಷನ್ಸ್ ಅಂತ ಪುಸ್ತಕದಲ್ಲಿ ಹುಡುಕೋದನ್ನ ಅವಳು ಬೆರಳಲ್ಲಿ ಓದಿದ್ದಳು.

ಹಿಂದೆ ಯಾರೋ ಆ ಶಾಕ್‌ಗೆ ಹೊಲಿಗೆ ಮಿಷನ್ ಎಣ್ಣೆ ಹಾಕಿದ್ದರು ಅಂತನೂ ಆಮೇಲೆ ಗೊತ್ತಾಯ್ತು. ಆರ್‌ಸಿ ಶಾಕ್‌ಗೆ ಸಿಲಿಕೋನ್ ಎಣ್ಣೆ ಹಾಕೋದಕ್ಕೆ ಕಾರಣ ಇದೆ. ಬಿಸಿಲಿಗೆ ಯಾವ ಎಣ್ಣೆಯಾದರೂ ತೆಳುವಾಗುತ್ತೆ, ಆದರೆ ಮಾಮೂಲಿ ಎಣ್ಣೆಗಿಂತ ಸಿಲಿಕೋನ್ ಎಣ್ಣೆ ಕಮ್ಮಿ ಬದಲಾಗುತ್ತೆ. ಮಧ್ಯಾಹ್ನ 1 ಗಂಟೆಗೆ ರೇಸ್ ಇಡೋ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಕೊಳ್ಳೋವಾಗ ಬಾಟಲ್ ಮೇಲಿನ 30 ವೇಟ್, 40 ವೇಟ್ ಅನ್ನೋದನ್ನ ನಂಬಿ ಕೂರಬೇಡಿ. ಒಂದು ಕಂಪನಿಯ 30 ಇನ್ನೊಂದು ಕಂಪನಿಯ 30ಕ್ಕೆ ಸಮ ಇರಬೇಕು ಅಂತೇನಿಲ್ಲ. ಸೆಂಟಿಸ್ಟೋಕ್ಸ್ ನೋಡಿ. ನೀರು ಸುಮಾರು 1 ಸೆಂಟಿಸ್ಟೋಕ್ಸ್. ನಾವು ಈಗ ಹಿಂದಿನ ಶಾಕ್‌ಗೆ ಹಾಕಿರೋದು 350.

ಕಾಪಿ ಹೊಡೆದ ಸೆಟಪ್

ಇದಕ್ಕೂ ಮುಂಚೆ ನಾವು ಸಸ್ಪೆನ್ಷನ್ ಮುಟ್ಟೇ ಇರಲಿಲ್ಲ ಅಂತಲ್ಲ. ಒಂದು ಸಲ ಮುಟ್ಟಿದ್ವಿ, ನಮ್ಮ ಶೈಲಿಯಲ್ಲಿ. ಯಾವುದೋ ದೇಶದ ಒಬ್ಬ ದೊಡ್ಡ ರೇಸರ್‌ನ ಸೆಟಪ್ ಶೀಟ್ ಸಿಕ್ಕಿತು. ಯಾವ ಸ್ಪ್ರಿಂಗ್, ಎಷ್ಟು ಎಣ್ಣೆ, ಯಾವ ತೂತಲ್ಲಿ ಶಾಕ್, ಎಲ್ಲ ಅದರಲ್ಲಿತ್ತು. ಒಂದೇ ರಾತ್ರಿಯಲ್ಲಿ ಅಷ್ಟನ್ನೂ ಇಳಿಸಿದ್ವಿ. ಬೆಳಿಗ್ಗೆ ಗ್ರೌಂಡಲ್ಲಿ ಬಿಟ್ಟರೆ ಟ್ರಕ್ ತಿರುಗೋದೇ ಇಲ್ಲ. ಸ್ಟೀರಿಂಗ್ ಪೂರ್ತಿ ಕೊಟ್ಟರೂ ಮೂತಿ ನೇರಕ್ಕೇ ಹೋಗುತ್ತೆ.

ಯಾಕೆ ಅಂತ ಆಗ ಗೊತ್ತಾಗಲಿಲ್ಲ, ಈಗ ಗೊತ್ತು. ಆತ ಓಡಿಸಿದ್ದು ನೀರು ಹಾಕಿ ಗಟ್ಟಿ ಮಾಡಿದ, ರಬ್ಬರ್ ಅಂಟಿದ ಜೇಡಿಮಣ್ಣಿನ ಟ್ರ್ಯಾಕ್ ಮೇಲೆ. ಅಲ್ಲಿ ಹಿಡಿತ ಎಷ್ಟಿರುತ್ತೆ ಅಂದ್ರೆ ಗಾಡಿ ಮಗುಚದ ಹಾಗೆ ನೋಡಿಕೊಳ್ಳೋದೇ ಕೆಲಸ. ಅದಕ್ಕೆ ಮುಂದೆ ಗಟ್ಟಿ ಸ್ಪ್ರಿಂಗ್. ನಮ್ಮದು ಮೇಲೆ ಒಂದು ಪದರ ಧೂಳು ಕೂತ ಕೆಂಪು ಮಣ್ಣು. ಇಲ್ಲಿ ಮುಂದಿನ ಟೈರ್‌ಗೆ ಸಿಗೋದೇ ಚೂರು ಹಿಡಿತ. ಅದನ್ನೂ ನಾವು ಕಿತ್ತುಕೊಂಡಿದ್ವಿ.

ಇದರ ಹಿಂದಿರೋ ವಿಷಯ ಒಂದೇ, ಅದನ್ನ ಎಲ್ಲರೂ ತಿಳ್ಕೊಳ್ಳಲೇಬೇಕು. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ತೂಕ ದಾಟುತ್ತೆ. ಒಟ್ಟು ಎಷ್ಟು ದಾಟುತ್ತೆ ಅನ್ನೋದನ್ನ ತೀರ್ಮಾನಿಸೋದು ಗಾಡಿಯ ತೂಕ, ವೇಗ, ತಿರುವಿನ ತ್ರಿಜ್ಯ, ಗುರುತ್ವಕೇಂದ್ರದ ಎತ್ತರ ಮತ್ತು ಚಕ್ರಗಳ ನಡುವಿನ ಅಗಲ. ಸ್ಪ್ರಿಂಗ್ ಬದಲಿಸಿದರೆ ಈ ಒಟ್ಟು ಮೊತ್ತ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ. ಸ್ಪ್ರಿಂಗ್ ಮಾಡೋದು ಹಂಚೋ ಕೆಲಸ: ಮುಂದಿನ ಜೋಡಿಗೆ ಎಷ್ಟು, ಹಿಂದಿನ ಜೋಡಿಗೆ ಎಷ್ಟು. ಯಾವ ಕಡೆ ಗಟ್ಟಿಯೋ ಆ ಕಡೆ ಹೆಚ್ಚು ದಾಟುತ್ತೆ. ಟೈರಿನ ಗುಣ ಏನಂದ್ರೆ, ಎರಡರಷ್ಟು ತೂಕ ಹೇರಿದರೆ ಎರಡರಷ್ಟು ಹಿಡಿತ ಕೊಡೋದಿಲ್ಲ, ಅದಕ್ಕಿಂತ ಕಮ್ಮಿನೇ ಕೊಡುತ್ತೆ. ಆದ್ದರಿಂದ ಗಟ್ಟಿ ಇರೋ ಕಡೆ ಹಿಡಿತ ಕಳ್ಕೊಳ್ಳುತ್ತೆ, ಮೆತ್ತಗಿರೋ ಕಡೆ ಉಳಿಸ್ಕೊಳ್ಳುತ್ತೆ. ಮೂತಿ ತಿರುಗದಿದ್ದರೆ ಮುಂದೆ ಮೆತ್ತಗೆ ಮಾಡಿ, ಇಲ್ಲ ಹಿಂದೆ ಗಟ್ಟಿ ಮಾಡಿ. ಹಿಂದೆ ಜಾರಿದರೆ ಉಲ್ಟಾ. ಇದಕ್ಕೂ ಮಿತಿ ಇದೆ. ತೀರಾ ಮೆತ್ತಗಾದ್ರೆ ಜಂಪ್ ಇಳಿದಾಗ ಹೊಟ್ಟೆ ನೆಲಕ್ಕೆ ಬಡಿಯುತ್ತೆ. ಆದರೆ ಶುರು ಮಾಡೋಕೆ ಇಷ್ಟು ಸಾಕು.

ಸ್ಪ್ರಿಂಗ್ ಕೊಳ್ಳೋಕೂ ದುಡ್ಡಿಲ್ಲ ಅಂತಿಟ್ಟುಕೊಳ್ಳಿ. ಕೆಳಗಿನ ಆರ್ಮ್‌ನಲ್ಲಿ ಶಾಕ್ ಕೂರಿಸೋಕೆ ಎರಡು ಮೂರು ತೂತು ಕೊಟ್ಟಿರ್ತಾರೆ, ಅದು ಯಾಕೆ? ಚಕ್ರ ಒಂದಿಷ್ಟು ಮೇಲೆದ್ದಾಗ ಶಾಕ್ ಎಷ್ಟು ಕುಗ್ಗುತ್ತೆ ಅನ್ನೋ ಅನುಪಾತ ಆ ತೂತಿನ ಜೊತೆ ಬದಲಾಗುತ್ತೆ. ಚಕ್ರಕ್ಕೆ ಅನಿಸೋ ಗಟ್ಟಿತನ ಆ ಅನುಪಾತದ ವರ್ಗದಷ್ಟು. ಹೊರಗಿನ ತೂತಲ್ಲಿ 0.6 ಇದ್ದರೆ ವರ್ಗ 0.36. ಒಳಗಿನ ತೂತಲ್ಲಿ 0.5 ಆದರೆ 0.25. ಒಂದು ಸ್ಕ್ರೂ ಬಿಚ್ಚಿ ಪಕ್ಕದ ತೂತಿಗೆ ಹಾಕಿದ್ದಕ್ಕೆ ಆ ಮೂಲೆ ಸುಮಾರು ಶೇ. 30ರಷ್ಟು ಮೆತ್ತಗಾಯ್ತು. ಖರ್ಚು ಸೊನ್ನೆ. ಬೇಕಾಗಿರೋದು ಒಂದು ಅಲನ್ ಕೀ.

ಸೆಟಪ್ ಶೀಟ್ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಅದು ಒಬ್ಬ ಮನುಷ್ಯ ಒಂದು ದಿನ ಒಂದು ಟ್ರ್ಯಾಕ್‌ನಲ್ಲಿ ತನಗೆ ತಾನೇ ಬರೆದುಕೊಂಡ ಉತ್ತರ. ನಮ್ಮ ಪ್ರಶ್ನೆ ಪತ್ರಿಕೆ ಬೇರೆ. ಆದರೆ ಉತ್ತರ ಇಳಿಸೋದು ನಮಗೆ ಎಷ್ಟು ರೂಢಿ ಆಗಿದೆ ಅಂದ್ರೆ ಪ್ರಶ್ನೆ ನೋಡೋದೇ ಮರೆತಿದ್ದೀವಿ. ಲ್ಯಾಬ್ ರೆಕಾರ್ಡ್ ಹೇಗೆ ಬರೀತೀವಿ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಸೀನಿಯರ್ ರೆಕಾರ್ಡ್ ಪಕ್ಕದಲ್ಲಿ ಇಟ್ಟುಕೊಂಡು ರೀಡಿಂಗ್ ಮೊದಲು ಬರೆದು, ಪ್ರಯೋಗ ಆಮೇಲೆ ಮಾಡ್ತೀವಿ. ಗ್ರಾಫ್ ನೆಟ್ಟಗೆ ಬರಲಿಲ್ಲ ಅಂದ್ರೆ ಪಾಯಿಂಟ್‌ನ ಸರಿಸ್ತೀವಿ. ಅದಕ್ಕೆ ಹತ್ತಕ್ಕೆ ಒಂಬತ್ತು ಮಾರ್ಕ್ಸೂ ಬರುತ್ತೆ. ಟ್ರಕ್ ಮಾತ್ರ ಮಾರ್ಕ್ಸ್ ಕೊಡಲ್ಲ. ಅದು ಮಗುಚುತ್ತೆ. ನಾವು ಈ ಟ್ರಕ್‌ನ ಇಷ್ಟಪಡೋದಕ್ಕೆ ದೊಡ್ಡ ಕಾರಣ ಇದೇ. ಈ ಕ್ಯಾಂಪಸ್ಸಿನಲ್ಲಿ ನಮ್ಮ ಸುಳ್ಳನ್ನ ಒಪ್ಪದೇ ಇರೋ ವಸ್ತು ಅದೊಂದೇ.

ಒಂದು ಸಲಕ್ಕೆ ಒಂದೇ

ಈಗ ನಾವು ಮಾಡ್ತಿರೋದು ಏನು? ಮೊದಲು ಟ್ಯೂನಿಂಗ್ ಅಲ್ಲ, ತಪಾಸಣೆ. ಶಾಕ್‌ಗಳನ್ನ ಬಿಚ್ಚಿ, ಆರ್ಮ್‌ನ ಎತ್ತಿ ಬಿಡ್ತೀವಿ. ತನ್ನ ತೂಕಕ್ಕೇ ಅದು ಸಲೀಸಾಗಿ ಕೆಳಗೆ ಬೀಳಬೇಕು. ಬೀಳದಿದ್ದರೆ ಪಿನ್ ಬಾಗಿದೆ, ಇಲ್ಲ ಮಣ್ಣು ಸೇರಿದೆ. ಆಮೇಲೆ ಎಡ ಬಲ ಶಾಕ್‌ಗಳ ತುದಿಗೆ ತುದಿ ಹಿಡಿದು ಒತ್ತುತ್ತೀವಿ. ಎರಡೂ ಒಟ್ಟಿಗೆ ಕುಗ್ಗಬೇಕು. ಒಂದು ಮೊದಲು ಸೋತರೆ ಅದರಲ್ಲಿ ಎಣ್ಣೆ ಕಮ್ಮಿ, ಇಲ್ಲ ಗಾಳಿ ಗುಳ್ಳೆ ಇದೆ. ಹತ್ತು ಸೆಕೆಂಡಿನ ಈ ಪರೀಕ್ಷೆ ಅವತ್ತು ಮಾಡಿದ್ದರೆ ನಮ್ಮ ಡ್ರೈವರ್ ಒಂದು ತಿಂಗಳು ನಮ್ಮಿಂದ ದೂರ ಇರ್ತಿರಲಿಲ್ಲ. ಕೊನೆಗೆ ಬ್ಯಾಟರಿ ಹಾಕಿ, ಗಾಡಿಯನ್ನ ಒಂದು ಗೇಣು ಎತ್ತರದಿಂದ ನೆಲಕ್ಕೆ ಬಿಡ್ತೀವಿ. ಇಳಿದು, ಕುಗ್ಗಿ, ತನ್ನ ಎತ್ತರಕ್ಕೆ ಬಂದು ಸುಮ್ಮನೆ ನಿಲ್ಲಬೇಕು. ಚೆಂಡಿನ ಥರ ಪುಟಿದರೆ ಎಣ್ಣೆ ತೆಳು. ಕೆಸರಲ್ಲಿ ಕೂತ ಎಮ್ಮೆ ಥರ ನಿಧಾನವಾಗಿ ಎದ್ದರೆ ಎಣ್ಣೆ ದಪ್ಪ.

ಆಮೇಲಷ್ಟೇ ಬದಲಾವಣೆ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ವಿಷಯ. ಬದಲಿಸಿ, ಹತ್ತು ಲ್ಯಾಪ್ ಓಡಿಸಿ, ಬರೆದಿಟ್ಟು, ಬೇಕಾದ್ರೆ ವಾಪಸ್ ಹಾಕಿ ಇನ್ನೊಂದು ಸಲ ನೋಡು. ಕೇಳೋಕೆ ಸುಲಭ, ಮಾಡೋಕೆ ಮೈ ಉರಿಯುತ್ತೆ. ಒಂದು ಸಂಜೆ ಅಂತೂ ನಾವು ತಡೆಯಲಾರದೆ ಸ್ಪ್ರಿಂಗ್, ಎಣ್ಣೆ, ಕ್ಯಾಂಬರ್, ಟೋ, ಎತ್ತರ ಐದನ್ನೂ ಬದಲಿಸಿಬಿಟ್ವಿ. ಟ್ರಕ್ ಅದ್ಭುತವಾಗಿ ಓಡಿತು. ಮಾರನೇ ದಿನ ಅದೇ ಟ್ರಕ್ ಹಾಳಾಗಿತ್ತು. ಐದರಲ್ಲಿ ಯಾವುದು ಒಳ್ಳೇದು ಮಾಡಿತ್ತು, ಯಾವುದು ಕೆಡಿಸಿತ್ತು? ಬರೆದಿಟ್ಟಿರಲಿಲ್ಲ. ವಾಪಸ್ ಹೋಗೋಕೆ ದಾರಿಯೇ ಇರಲಿಲ್ಲ.

ಆ ಮಾರನೇ ದಿನ ಕೆಟ್ಟಿದ್ದು ಟ್ರಕ್ ಅಲ್ಲ, ನೆಲ ಬದಲಾಗಿತ್ತು ಅನ್ನೋದು ಇನ್ನೂ ಸ್ವಲ್ಪ ದಿನದ ಮೇಲೆ ಹೊಳೀತು. ಬೆಳಿಗ್ಗೆ ಇಬ್ಬನಿ ಬಿದ್ದ ಮಣ್ಣು ಹಿಡಿಯುತ್ತೆ, ಆಗ ಮಗುಚೋ ಭಯ. ಆಗ ಗಾಡಿಯ ಎತ್ತರ ಎರಡು ಮಿಲಿಮೀಟರ್ ಇಳಿಸಿದರೂ ಫಲ ಕಾಣುತ್ತೆ. ಮಧ್ಯಾಹ್ನ ಒಣಗಿ ಧೂಳೆದ್ದ ಮೇಲೆ ಜಾರೋ ಭಯ. ಆಗ ಹಿಂದೆ ಮೆತ್ತಗೆ ಬೇಕು. ಒಂದೇ ಗ್ರೌಂಡಿಗೇ ಎರಡು ಸೆಟಪ್ ಬೇಕು ಅನ್ನೋವಾಗ ಸಮುದ್ರದಾಚೆಯ ಟ್ರ್ಯಾಕಿನ ಸೆಟಪ್ ನಮಗೆ ಹೇಗೆ ಕೂರುತ್ತೆ?

ನಮ್ಮ ನೋಟ್‌ಬುಕ್ಕಲ್ಲಿ ಈಗ ದಿನಾಂಕ, ಗಂಟೆ, ಮಣ್ಣು ಹಸಿಯೋ ಒಣವೋ, ಏನು ಬದಲಾಯ್ತು, ಹತ್ತೂ ಲ್ಯಾಪಿನ ಸಮಯ, ಎಷ್ಟು ಸಲ ಬಿತ್ತು, ಇಷ್ಟಿದೆ. ಮುಂಚೆ ನಾವು ಬರೀ ಬೆಸ್ಟ್ ಲ್ಯಾಪ್ ನೋಡಿ ಕುಣೀತಿದ್ವಿ. ಈಗ ಹತ್ತರ ಸರಾಸರಿ ನೋಡ್ತೀವಿ. ನಮ್ಮ ಬೆಸ್ಟ್ ಲ್ಯಾಪ್ ಹೆಚ್ಚೇನೂ ಇಳಿದಿಲ್ಲ, ಅದು ನಿಜ. ಆದರೆ ಕೆಟ್ಟ ಲ್ಯಾಪ್‌ಗಳು ಮಾಯವಾಗಿವೆ. ಹಳೇ ಮೋಟರ್‌ನಲ್ಲೇ.

"ಹ್ಯಾಂಡ್ಲಿಂಗ್ ಸರಿ ಇಲ್ಲ" ಅಂದ್ರೆ ಏನು?

ಇದು ಕನ್ನಡ ಪತ್ರಿಕೆ ಅಂತ ಬೇಕಂತಲೇ ಸೇರಿಸ್ತಿರೋ ಮಾತಲ್ಲ, ನಿಜವಾಗಿ ಆಗಿದ್ದು. ಮುಂಚೆ ಡ್ರೈವರ್ ಬಂದು "ಹ್ಯಾಂಡ್ಲಿಂಗ್ ಸರಿ ಇಲ್ಲ" ಅಂದ್ರೆ ನಾವು ಅಂಡರ್‌ಸ್ಟೀರಾ ಓವರ್‌ಸ್ಟೀರಾ ಅಂತ ಕೇಳ್ತಿದ್ವಿ. ಅವೆರಡು ಪದ ಬಿಟ್ಟರೆ ನಮ್ಮ ಹತ್ರ ಬೇರೆ ಇರಲಿಲ್ಲ. ಗಾಡಿ ಮಾಡೋ ಚೇಷ್ಟೆ ಎರಡೇ ಅಲ್ಲ. ಅವಳು ವಾಪಸ್ ಬಂದ ಮೇಲೆ ಒಂದು ಒಪ್ಪಂದ ಮಾಡ್ಕೊಂಡ್ವಿ: ಗಾಡಿ ಇಳಿದ ತಕ್ಷಣ ಮನೆಯಲ್ಲಿ ಮಾತಾಡೋ ಹಾಗೆ ಹೇಳಬೇಕು, ನಾವು ಹಾಗೇ ಬರ್ಕೋಬೇಕು. ಅವಳ ಒಂದು ಸಂಜೆಯ ಮಾತು ನೋಟ್‌ಬುಕ್ಕಲ್ಲಿ ಹೀಗಿದೆ: ಬ್ರೇಕ್ ಹಾಕಿದ್ರೆ ಮುಗ್ಗರಿಸುತ್ತೆ. ತಿರುವಿನ ಮಧ್ಯ ತೇಲುತ್ತೆ. ಹೊರಗೆ ಬರೋವಾಗ ಕುಂಡಿ ಬೀಸುತ್ತೆ. ಜಂಪ್ ಇಳಿದ ಮೇಲೆ ಕುಪ್ಪಳಿಸುತ್ತೆ. ನೇರ ದಾರಿಯಲ್ಲಿ ತಡಬಡಾಯಿಸುತ್ತೆ.

ನೋಡಿ, ಪ್ರತಿ ಮಾತಲ್ಲೂ ಎಲ್ಲಿ, ಯಾವಾಗ, ಹೇಗೆ ಮೂರೂ ಇದೆ. ಮುಗ್ಗರಿಸೋದಕ್ಕೆ ಮುಂದಿನ ಎಣ್ಣೆ ನೋಡ್ತೀವಿ. ಕುಪ್ಪಳಿಸೋದಕ್ಕೆ ಹಿಂದಿನ ಎಣ್ಣೆ, ಪಿಸ್ಟನ್ ತೂತು ನೋಡ್ತೀವಿ. ತಡಬಡಾಯಿಸೋದಕ್ಕೆ ಟೋ ನೋಡ್ತೀವಿ, ಸ್ಟೀರಿಂಗ್ ಜಾಯಿಂಟ್ ಸಡಿಲ ಇದೆಯಾ ನೋಡ್ತೀವಿ. ಇಂಗ್ಲಿಷ್ ಪದ ಬೇಡ ಅಂತ ನಾವು ಹೇಳ್ತಿಲ್ಲ, ಈ ಲೇಖನದಲ್ಲೇ ಎಷ್ಟಿವೆ ನೋಡಿ. ಕೈಗೆ ಅನಿಸಿದ್ದನ್ನ ಬಾಯಿಗೆ ತರೋಕೆ ಮನೆ ಮಾತು ಬೇಗ ಒದಗುತ್ತೆ, ಅಷ್ಟೇ. ಇಷ್ಟು ವರ್ಷ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ ಅದು ಒಂದು ಟ್ರಕ್ಕಿನಿಂದ ಗೊತ್ತಾಯ್ತು.

ಎದುರು ವಾದ

"ಎಲ್ಲ ಟೀಮೂ ಬ್ರಷ್‌ಲೆಸ್ ಹಾಕ್ತಿದೆ, ನಾವು ಹಿಂದೆ ಬೀಳ್ತೀವಿ" ಅಂತಾರೆ. ನೇರ ದಾರಿಯಲ್ಲಿ ಬೀಳಬಹುದು, ಒಪ್ತೀವಿ. ಆದರೆ ಫೆಸ್ಟ್ ಟ್ರ್ಯಾಕ್‌ಗಳು ಕಾಲೇಜ್ ಗ್ರೌಂಡಿನ ಮೂಲೆಯಲ್ಲಿ ಮಾಡೋವು. ಅಲ್ಲಿ ನೇರ ದಾರಿ ಎಷ್ಟಿರುತ್ತೆ, ತಿರುವು ಎಷ್ಟಿರುತ್ತೆ, ನೀವೇ ನೆನಪಿಸಿಕೊಳ್ಳಿ. ಟ್ರಕ್ ನಮ್ಮ ಕೈಮಾತು ಕೇಳೋ ದಿನ ಬಂದು, ಆಮೇಲೂ ನೇರದಲ್ಲಿ ಸೋಲ್ತಿದ್ದೀವಿ ಅಂತ ನೋಟ್‌ಬುಕ್ ಹೇಳಿದರೆ, ಮೋಟರ್‌ಗೆ ಮೊದಲು ಕೈ ಎತ್ತೋರು ನಾವೇ.

"ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋಕೆ ಇದೇನು ದೊಡ್ಡ ಕಾರಾ, ಆಟಿಕೆ" ಅಂತಲೂ ಕೆಲವರು ಅಂತಾರೆ, ಅದರಲ್ಲೂ ಬಾಹಾ ಟೀಮಿನ ಅಣ್ಣಂದಿರು. ಅವರ ಗಾಡಿಯಲ್ಲೂ ಸ್ಪ್ರಿಂಗ್, ಡ್ಯಾಂಪರ್, ಕ್ಯಾಂಬರ್, ಟೋ ಇವೇ ಇರೋದು. ವ್ಯತ್ಯಾಸ ಏನಂದ್ರೆ ಅಲ್ಲಿ ಒಂದು ತಪ್ಪು ಸರಿಮಾಡೋಕೆ ವೆಲ್ಡಿಂಗ್ ಮಾಡಬೇಕು, ವಾರ ಕಾಯಬೇಕು. ಇಲ್ಲಿ ಒಂದು ಸಂಜೆಯಲ್ಲಿ ನಾಲ್ಕು ತಪ್ಪು ಮಾಡಿ ನಾಲ್ಕನ್ನೂ ಕಲೀಬಹುದು. ಫಸ್ಟ್ ಇಯರ್ ಮಕ್ಕಳನ್ನ ನೇರ ದೊಡ್ಡ ಗಾಡಿಗೆ ಬಿಡೋ ಮುಂಚೆ ಆರು ತಿಂಗಳು ಈ ಟ್ರಕ್ ಜೊತೆ ಬಿಡಿ ಅನ್ನೋದು ನಮ್ಮ ಸಲಹೆ.

ಹಾಗಾದ್ರೆ ದುಡ್ಡು ಯಾವುದಕ್ಕೆ? ನಮ್ಮ ಪಟ್ಟಿ ಚಿಕ್ಕದು. ಮೊದಲು ಒಂದು ಜೊತೆ ಒಳ್ಳೆ ಟೈರ್, ಯಾಕಂದ್ರೆ ನೆಲ ಮುಟ್ಟೋದು ಅದೊಂದೇ. ಮೂರು ನಾಲ್ಕು ಗ್ರೇಡಿನ ಸಿಲಿಕೋನ್ ಎಣ್ಣೆ. ಮುಂದೆ ಹಿಂದೆ ಎರಡಕ್ಕೂ ಮೆತ್ತಗೆ, ಮಧ್ಯಮ, ಗಟ್ಟಿ ಸ್ಪ್ರಿಂಗ್. ಒಂದು ಡಬ್ಬಿ ಓ-ರಿಂಗ್. ಒಂದು ಕ್ಯಾಂಬರ್ ಗೇಜ್. ನಾಲ್ಕೂ ಮೂಲೆಯ ತೂಕ ನೋಡೋಕೆ ಅಡುಗೆ ಮನೆಯ ನಾಲ್ಕು ಡಿಜಿಟಲ್ ತಕ್ಕಡಿ ಸಾಕು. ಮತ್ತೆ ಒಂದು 200 ಪೇಜಿನ ನೋಟ್‌ಬುಕ್. ಎಲ್ಲ ಸೇರಿದರೂ ಮೋಟರ್ ಮತ್ತು ಇಎಸ್‌ಸಿ ರೇಟಿಗೆ ಬರಲ್ಲ ಅಂತ ನಮ್ಮ ಅಂದಾಜು. ಬರೆದು ತೋರಿಸೋಕೆ ಸಿದ್ಧ ಇದ್ದೀವಿ.

ಒಂದು ನಿಯಮವನ್ನ ಮಾತ್ರ ದುಡ್ಡಿಲ್ಲದೆ ಇವತ್ತೇ ಜಾರಿಗೆ ತರಬಹುದು. ಡ್ರೈವರ್ ಬಂದು ಏನಾದ್ರೂ ಹೇಳಿದರೆ, ಬಾಯಿ ತೆಗೆಯೋ ಮುಂಚೆ ಟ್ರಕ್‌ನ ಕೈಗೆ ತಗೊಂಡು ನಾಲ್ಕೂ ಮೂಲೆ ಒತ್ತಿ ನೋಡಬೇಕು. ಆಮೇಲೆ ಬೇಕಾದ್ರೆ ಮಾತು.

ಈ ಬರಹವನ್ನ ಅವಳಿಗೇ ಮೊದಲು ಓದೋಕೆ ಕೊಟ್ವಿ. "ಒಂದು ತಿಂಗಳಲ್ಲ, ಐದು ವಾರ" ಅಂತ ತಿದ್ದಿದಳು. ಮಿಕ್ಕಿದ್ದಕ್ಕೆ ತಕರಾರಿಲ್ಲವಂತೆ. ಬುಧವಾರ, ಶುಕ್ರವಾರ ಸಂಜೆ 5ಕ್ಕೆ ವರ್ಕ್‌ಶಾಪ್ ಹಿಂದಿನ ಗ್ರೌಂಡಲ್ಲಿ ಇರ್ತೀವಿ. ಯಾವ ಬ್ರಾಂಚ್ ಆದ್ರೂ ಬನ್ನಿ. ಮೋಟರೇ ಬೇಕು ಅನ್ನೋರು ಮೊದಲು ಬನ್ನಿ, ಟ್ರಾನ್ಸ್‌ಮಿಟರ್ ನಿಮ್ಮ ಕೈಗೇ ಕೊಡ್ತೀವಿ. ಹತ್ತು ಲ್ಯಾಪ್ ಓಡಿಸಿ, ಆಮೇಲೆ ಕೈ ಎತ್ತಿ.